ಹೆಂಡತಿಗೆ ಸೀಟು ಸಿಕ್ಕರೆ ಗಂಡನಿಗೆ ಕೆಲಸ ಯಾರು ಕೊಡಬೇಕು? ಕಲ್ಯಾಣದ ಆನಂದಿಬಾಯಿ ಜೋಶಿ ಬದುಕು ಕೇಳಿದ ಪ್ರಶ್ನೆ

ಕಲ್ಯಾಣ ಎಂದರೆ ಮುಂಬೈ ಕಡೆಯ ಕನ್ನಡಿಗರಿಗೆ ಮೊದಲು ನೆನಪಾಗುವುದು ರೈಲ್ವೆ ಜಂಕ್ಷನ್. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಗಂಡ ಒಂದು ದಿಕ್ಕಿನ ಲೋಕಲ್ ಹಿಡಿದರೆ ಹೆಂಡತಿ ಇನ್ನೊಂದು ದಿಕ್ಕಿನ ಲೋಕಲ್ ಹಿಡಿಯುತ್ತಾರೆ. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಕ್ಕರೆ ಅದೇ ಪುಣ್ಯ. ಸಿಗದಿದ್ದರೆ? ಯಾರು ಕೆಲಸ ಬಿಡಬೇಕು? ಯಾರು ಯಾರ ಹಿಂದೆ ಹೋಗಬೇಕು?

ಈ ಪ್ರಶ್ನೆ ಇಂದು ವಿಶ್ವವಿದ್ಯಾಲಯಗಳಲ್ಲೂ ಬಿಸಿ ಚರ್ಚೆಯ ವಿಷಯ. ಒಬ್ಬರನ್ನು ಪ್ರಾಧ್ಯಾಪಕರಾಗಿ ನೇಮಿಸಿಕೊಳ್ಳುವಾಗ ಅವರ ಪತಿ ಅಥವಾ ಪತ್ನಿಗೂ ಅದೇ ಸಂಸ್ಥೆಯಲ್ಲಿ ಕೆಲಸ ಕೊಡಬೇಕೇ ಎಂಬುದೇ ಆ ಚರ್ಚೆ. ಕೊಡದಿದ್ದರೆ ಒಳ್ಳೆಯ ಪ್ರತಿಭೆ ಕೈತಪ್ಪುತ್ತದೆ ಎನ್ನುವುದು ಒಂದು ವಾದ. ಕೊಟ್ಟರೆ ಅರ್ಹತೆಯ ಬದಲು ಸಂಬಂಧಕ್ಕೆ ಮಣೆ ಹಾಕಿದಂತಾಗುತ್ತದೆ ಎನ್ನುವುದು ಇನ್ನೊಂದು.

ಈ ಚರ್ಚೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಕಲ್ಯಾಣದಲ್ಲಿ ಬೆಳೆದ ಒಬ್ಬ ಹೆಣ್ಣುಮಗಳ ಸಂಸಾರದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಆದರೆ ಅಲ್ಲಿ ಎಲ್ಲವೂ ತಿರುವುಮುರುವು. ಕಾಲೇಜಿಗೆ ಹೋಗಬೇಕಾಗಿದ್ದವಳು ಹೆಂಡತಿ. ಅವಳ ಜೊತೆಗೆ ಹೋಗಲು ಕೆಲಸ ಕೇಳಿದವನು ಗಂಡ. ಆ ಹೆಣ್ಣುಮಗಳೇ ಡಾ. ಆನಂದಿಬಾಯಿ ಜೋಶಿ. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬರು.

ಯಮುನಾ ಆನಂದಿ ಆದ ಕಥೆ

ಆನಂದಿಬಾಯಿ ಜನಿಸಿದ್ದು 1865ರ ಮಾರ್ಚ್ 31ರಂದು. ತವರಿನಲ್ಲಿ ಇಟ್ಟ ಹೆಸರು ಯಮುನಾ. ಕಲ್ಯಾಣದ ಈ ಬ್ರಾಹ್ಮಣ ಕುಟುಂಬ ಒಂದು ಕಾಲದಲ್ಲಿ ಜಮೀನುದಾರಿಕೆ ಕಂಡಿತ್ತು. ಯಮುನಾ ಹುಟ್ಟುವ ಹೊತ್ತಿಗೆ ಆ ಸಿರಿವಂತಿಕೆ ಕರಗಿತ್ತು.

ಆಗಿನ ಕಲ್ಯಾಣ ಹೊಸ ಕಾಲದ ಹೊಸ್ತಿಲಲ್ಲಿದ್ದ ಊರು. ದೇಶದ ಮೊದಲ ಪ್ರಯಾಣಿಕ ರೈಲು 1853ರಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಓಡಿತ್ತು. ಮರುವರ್ಷವೇ ಹಳಿ ಕಲ್ಯಾಣ ಮುಟ್ಟಿತ್ತು. ರೈಲು ಬಂದರೂ ಮನೆಯೊಳಗಿನ ಕಟ್ಟುಪಾಡು ಬದಲಾಗಿರಲಿಲ್ಲ. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಗಂಡನಿಗೆ ಆಯುಷ್ಯ ಕಡಿಮೆ ಎಂದು ನಂಬಿದ್ದ ಕಾಲ ಅದು.

ಯಮುನಾಗೆ 9 ವರ್ಷವಾದಾಗ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ, ಕಲ್ಯಾಣದಲ್ಲಿ ಅಂಚೆ ಇಲಾಖೆಯ ಗುಮಾಸ್ತ. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದವರು. ವಯಸ್ಸಿನ ಅಂತರ ಸುಮಾರು 20 ವರ್ಷ. ಮದುವೆಯ ನಂತರ ಯಮುನಾ ಆನಂದಿ ಆದಳು.

ಗೋಪಾಲರಾವ್ ತಮ್ಮ ಕಾಲದ ಗಂಡಸರ ನಡುವೆ ವಿಚಿತ್ರ ಮನುಷ್ಯ. ಹೆಂಡತಿಗೆ ಓದು ಕಲಿಸಲೇಬೇಕು ಎಂಬುದು ಅವರ ಹಟ. ಬೇರೆ ಮನೆಗಳಲ್ಲಿ ಹೆಂಡತಿ ಪುಸ್ತಕ ಹಿಡಿದರೆ ಗದರುತ್ತಿದ್ದರು, ಈ ಮನೆಯಲ್ಲಿ ಪುಸ್ತಕ ಬಿಟ್ಟು ಅಡುಗೆಮನೆಗೆ ಹೋದರೆ ಗದರಿಕೆ. ಗದರಿಕೆಗೇ ಅದು ನಿಲ್ಲುತ್ತಿರಲಿಲ್ಲ. ಎಳೆಯ ಹುಡುಗಿಗೆ ಕಟ್ಟಿಗೆಯ ತುಂಡಿನಿಂದ ಹೊಡೆತ ಬಿದ್ದದ್ದು, ಕುರ್ಚಿ, ಪುಸ್ತಕ ಮೈಮೇಲೆ ಬಂದದ್ದು, ಬಿಟ್ಟುಹೋಗುತ್ತೇನೆಂಬ ಬೆದರಿಕೆ ಕೇಳಿದ್ದು ಎಲ್ಲವನ್ನೂ ಆನಂದಿಬಾಯಿ ಮುಂದೆ ಅಮೆರಿಕದಿಂದ ಗಂಡನಿಗೇ ಬರೆದ ಪತ್ರದಲ್ಲಿ ನೆನಪಿಸಿದ್ದರು. ನಿಮ್ಮ ನಡವಳಿಕೆ ಒಳ್ಳೆಯದೋ ಕೆಟ್ಟದೋ ಎಂದು ಹೇಳುವುದು ಕಷ್ಟ, ಎರಡೂ ಹೌದು ಎನ್ನಬೇಕಾಗುತ್ತದೆ ಎಂಬ ಅರ್ಥದಲ್ಲಿ ಅವರು ಬರೆದುಕೊಂಡಿದ್ದರು.

ಹೀಗಾಗಿ ಈ ದಾಂಪತ್ಯವನ್ನು ಆದರ್ಶ ಪ್ರೇಮಕಥೆ ಎಂದು ಹೇಳಿ ಮುಗಿಸಲಾಗದು. ಖಳನಾಯಕನ ಕಥೆ ಎಂದು ತಳ್ಳಿಹಾಕಲೂ ಆಗದು.

10 ದಿನ ಬದುಕಿದ ಮಗು

ಆನಂದಿಬಾಯಿಗೆ 14 ವರ್ಷವಾದಾಗ ಗಂಡುಮಗು ಹುಟ್ಟಿತು. ಮಗು ಬದುಕಿದ್ದು ಕೇವಲ 10 ದಿನ. ಸರಿಯಾದ ವೈದ್ಯಕೀಯ ನೆರವು ಸಿಗಲಿಲ್ಲ. ಹೆಣ್ಣುಮಕ್ಕಳು ಗಂಡು ವೈದ್ಯರ ಎದುರು ಬಂದು ನೋವು ಹೇಳಿಕೊಳ್ಳಲು ನಾಚುತ್ತಿದ್ದ, ಮನೆಯವರೂ ಕಳಿಸಲು ಒಪ್ಪದ ಕಾಲ. ಇನ್ನು ಮಹಿಳಾ ವೈದ್ಯರು ಎಲ್ಲಿಂದ ಬರಬೇಕು?

ತಾನೇ ವೈದ್ಯೆಯಾಗಬೇಕು ಎಂಬ ನಿರ್ಧಾರ ಆನಂದಿಬಾಯಿಯ ಮನಸ್ಸಿನಲ್ಲಿ ಗಟ್ಟಿಯಾದದ್ದು ಈ ಸಾವಿನ ನಂತರ. ಅಲ್ಲಿಯವರೆಗೆ ಓದು ಗಂಡನ ಹಟವಾಗಿತ್ತು. ಅಲ್ಲಿಂದ ಮುಂದೆ ಅದು ಅವರ ಸ್ವಂತ ಗುರಿಯಾಯಿತು.

ಗೋಪಾಲರಾವ್ ಅವರದು ವರ್ಗಾವಣೆಯ ನೌಕರಿ. ಕಲ್ಯಾಣ ಬಿಟ್ಟು ಅಲಿಬಾಗ್, ಕೊಲ್ಹಾಪುರ, ಕೊನೆಗೆ ದೂರದ ಬಂಗಾಳ. ಹೆಂಡತಿ ಗಂಡನ ಕೆಲಸದ ಹಿಂದೆಯೇ ಊರೂರು ತಿರುಗಿದಳು. ಹೋದ ಕಡೆಯಲ್ಲೆಲ್ಲ ಗಂಡ ಹೆಂಡತಿ ಒಟ್ಟಿಗೆ ವಾಕಿಂಗ್ ಹೊರಟರೂ, ಹೆಂಡತಿ ಇಂಗ್ಲಿಷ್ ಪುಸ್ತಕ ಹಿಡಿದರೂ ಜನ ಬೆರಳು ತೋರಿಸಿ ನಗುತ್ತಿದ್ದರು.

ಗಂಡ ಬರೆದ ಅರ್ಜಿ

ಕೊಲ್ಹಾಪುರದಲ್ಲಿದ್ದಾಗ ಗೋಪಾಲರಾವ್ ಅವರಿಗೆ ಅಮೆರಿಕದ ಕ್ರೈಸ್ತ ಮಿಷನರಿಗಳ ಪರಿಚಯವಾಯಿತು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಬೇಕು ಎಂಬ ಆಸೆ ಚಿಗುರಿದ್ದು ಆಗಲೇ. ಅವರು ಪತ್ರ ಬರೆದರು. ಆ ಪತ್ರ ಅಮೆರಿಕದಲ್ಲಿದ್ದ ಮಿಷನರಿ ರಾಯಲ್ ವೈಲ್ಡರ್ ಅವರ ಕೈ ಸೇರಿತು.

ಪತ್ರದಲ್ಲಿದ್ದ ಬೇಡಿಕೆ ಎರಡು. ಹೆಂಡತಿಗೆ ಅಲ್ಲಿ ಓದುವ ಅವಕಾಶ ಬೇಕು. ತನಗೆ ಅಲ್ಲೊಂದು ತಕ್ಕ ಕೆಲಸ ಬೇಕು.

ಇಂದಿನ ಯಾವ ವಿಶ್ವವಿದ್ಯಾಲಯದ ಸಂದರ್ಶನದಲ್ಲಾದರೂ ಅಭ್ಯರ್ಥಿಗಳು ಕೊನೆಯಲ್ಲಿ ಹಿಂಜರಿಯುತ್ತಾ ಕೇಳುವ ಮಾತು ಇದೇ. ನನ್ನ ಸಂಗಾತಿಗೂ ಇಲ್ಲಿ ಏನಾದರೂ ಅವಕಾಶ ಇದೆಯೇ ಎಂದು. ಗೋಪಾಲರಾವ್ ಅದನ್ನು ನೂರನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಗಂಡನ ಸ್ಥಾನದಲ್ಲಿ ನಿಂತು ಕೇಳಿದ್ದರು.

ಉತ್ತರ ಬಂತು, ಜೊತೆಗೆ ಷರತ್ತೂ ಬಂತು. ದಂಪತಿ ಕ್ರೈಸ್ತ ಧರ್ಮ ಸ್ವೀಕರಿಸುವುದಾದರೆ ನೆರವು ಸಿಗಬಹುದು ಎಂಬುದು ಅದರ ಸಾರಾಂಶ. ಜೋಶಿ ದಂಪತಿ ಒಪ್ಪಲಿಲ್ಲ. ವೈಲ್ಡರ್ ಈ ಪತ್ರವ್ಯವಹಾರವನ್ನು ತಾವು ನಡೆಸುತ್ತಿದ್ದ ಮಿಷನರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರ ಬಳಿ ಸರದಿಗಾಗಿ ಕಾಯುತ್ತಾ ಕುಳಿತಿದ್ದಾಗ ಆ ಪತ್ರಿಕೆ ಕೈಗೆ ಸಿಕ್ಕಿತು. ಓದಿದವರೇ ಆನಂದಿಬಾಯಿಗೆ ಪತ್ರ ಬರೆದರು. ಅಲ್ಲಿಂದ ಇಬ್ಬರ ನಡುವೆ ಪತ್ರಗಳ ಸ್ನೇಹ ಬೆಳೆಯಿತು. ಆನಂದಿಬಾಯಿ ಅವರನ್ನು ಚಿಕ್ಕಮ್ಮನಂತೆ ಕಂಡರು. ಆರೋಗ್ಯ ಕೆಟ್ಟಿದೆ ಎಂದು ಬರೆದಾಗ ಕಾರ್ಪೆಂಟರ್ ಅಮೆರಿಕದಿಂದ ಔಷಧ ಕಳಿಸಿಕೊಟ್ಟರು. ಕೊನೆಗೆ ತಮ್ಮ ಮನೆಯನ್ನೇ ತೆರೆದಿಟ್ಟರು.

ಗಂಡನಿಗೆ ಕೆಲಸ ಕೊಡುವವರು ಮಾತ್ರ ಯಾರೂ ಸಿಗಲಿಲ್ಲ.

ಒಬ್ಬಳೇ ಏಕೆ ಹೋಗುತ್ತೀ?

1883ರ ಹೊತ್ತಿಗೆ ಗೋಪಾಲರಾವ್ ಬಂಗಾಳದ ಸೆರಾಂಪುರಕ್ಕೆ ವರ್ಗವಾಗಿದ್ದರು. ಇಬ್ಬರೂ ಒಟ್ಟಿಗೆ ಹೋಗುವ ಆಸೆ ಕೈಬಿಟ್ಟು, ಹೆಂಡತಿಯನ್ನು ಒಬ್ಬಳನ್ನೇ ಕಳಿಸಲು ನಿರ್ಧರಿಸಿದರು. ಸುದ್ದಿ ಹಬ್ಬುತ್ತಿದ್ದಂತೆ ಆಕ್ಷೇಪಗಳ ಸುರಿಮಳೆ. ಹಿಂದೂ ಹೆಣ್ಣು ಸಮುದ್ರ ದಾಟಬಹುದೇ? ಗಂಡನಿಲ್ಲದೆ ಹೋಗಬಹುದೇ? ಜಾತಿಯಿಂದ ಹೊರಹಾಕಿದರೆ ಏನು ಗತಿ? ಭಾರತದಲ್ಲೇ ಕಲಿಯಬಾರದೇ?

1883ರ ಫೆಬ್ರುವರಿ 24ರಂದು ಸೆರಾಂಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿ ಎದ್ದು ನಿಂತು ಈ ಎಲ್ಲ ಪ್ರಶ್ನೆಗಳಿಗೂ ಒಂದೊಂದಾಗಿ ಉತ್ತರ ಕೊಟ್ಟರು. ಇನ್ನೂ 18 ತುಂಬಿರಲಿಲ್ಲ. ಭಾಷಣ ಮಾಡಿದ್ದು ಇಂಗ್ಲಿಷಿನಲ್ಲಿ.

ಒಬ್ಬಳೇ ಏಕೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನೇರವಾಗಿತ್ತು. ಮೊದಲು ಇಬ್ಬರೂ ಹೋಗುವುದೆಂದೇ ಇತ್ತು. ಆದರೆ ಇಬ್ಬರ ಖರ್ಚಿಗೆ ಬೇಕಾದಷ್ಟು ಹಣವಿಲ್ಲ. ಗಂಡನ ಸಂಬಳವನ್ನೇ ನಂಬಿಕೊಂಡ ತಾಯಿ, ತಮ್ಮಂದಿರು ಊರಿನಲ್ಲಿದ್ದಾರೆ. ಗಂಡ ನೌಕರಿ ಬಿಟ್ಟರೆ ಆ ಮನೆಯ ಒಲೆ ಆರುತ್ತದೆ. ಹೀಗಾಗಿ ಒಬ್ಬಳೇ ಹೋಗುತ್ತೇನೆ ಎಂದರು.

ಹಿಂದೂವಾಗಿಯೇ ಹೋಗುತ್ತೇನೆ, ಹಿಂದೂವಾಗಿಯೇ ಮರಳುತ್ತೇನೆ ಎಂದೂ ಸ್ಪಷ್ಟಪಡಿಸಿದರು. ಈ ದೇಶದ ಹೆಣ್ಣುಮಕ್ಕಳಿಗೆ ಮಹಿಳಾ ವೈದ್ಯರ ಅಗತ್ಯ ಎಷ್ಟಿದೆ ಎಂಬುದನ್ನು ವಿವರಿಸಿದರು. ಭಾಷಣದ ಸುದ್ದಿ ದೇಶದ ಉದ್ದಗಲ ಹರಡಿತು. ಹಲವು ಕಡೆಗಳಿಂದ ಧನಸಹಾಯ ಬಂತು.

ಇಂದು ಯಾವುದೇ ಪ್ರಾಧ್ಯಾಪಕ ದಂಪತಿ ಎರಡು ಊರುಗಳಲ್ಲಿ ಎರಡು ಮನೆ ಮಾಡಿಕೊಂಡಿರುವುದಕ್ಕೆ ಕಾರಣ ಕೇಳಿದರೆ ಸಿಗುವ ಉತ್ತರ ಇದಕ್ಕಿಂತ ಬೇರೆಯಲ್ಲ. ಒಬ್ಬರಿಗೆ ಅವಕಾಶ ಅಲ್ಲಿದೆ, ಇನ್ನೊಬ್ಬರ ಸಂಬಳ ಇಲ್ಲಿದೆ, ಮನೆ ನಡೆಯಬೇಕಲ್ಲ ಎಂಬುದೇ ಆ ಉತ್ತರ.

ಫಿಲಡೆಲ್ಫಿಯಾದ ಚಳಿ

1883ರ ಏಪ್ರಿಲ್‌ನಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿದ ಆನಂದಿಬಾಯಿ, ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ಬಂದರಿನಲ್ಲಿ ಕಾರ್ಪೆಂಟರ್ ಕಾಯುತ್ತಿದ್ದರು. ಅದೇ ವರ್ಷ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದರು. ಕಾಲೇಜಿನ ಡೀನ್ ರೇಚೆಲ್ ಬಾಡ್ಲಿ ಪ್ರವೇಶ ಕೊಟ್ಟರು. 3 ವರ್ಷಕ್ಕೆ 600 ಡಾಲರ್ ವಿದ್ಯಾರ್ಥಿವೇತನವೂ ಸಿಕ್ಕಿತು.

ಅಲ್ಲಿನ ಚಳಿ ಅವರ ದೇಹಕ್ಕೆ ಒಗ್ಗಲಿಲ್ಲ. ಮಾಂಸ ಮುಟ್ಟುತ್ತಿರಲಿಲ್ಲವಾದ್ದರಿಂದ ಊಟವೂ ಸರಿಹೊಂದಲಿಲ್ಲ. ಆಗಲೇ ಬಲಹೀನವಾಗಿದ್ದ ದೇಹಕ್ಕೆ ಕ್ಷಯರೋಗ ಅಂಟಿಕೊಂಡಿತು. ಹೀಗಿದ್ದೂ ಓದು ನಿಲ್ಲಲಿಲ್ಲ. ಜಪಾನಿನ ಕೇ ಒಕಾಮಿ ಮತ್ತು ಸಿರಿಯಾದ ಸಬಾತ್ ಇಸ್ಲಾಂಬೂಲಿ ಅದೇ ಕಾಲೇಜಿನಲ್ಲಿ ಓದುತ್ತಿದ್ದರು. ಮೂವರೂ ತಮ್ಮ ತಮ್ಮ ದೇಶದ ಉಡುಗೆ ತೊಟ್ಟು 1885ರಲ್ಲಿ ತೆಗೆಸಿಕೊಂಡ ಫೋಟೊ ಇಂದಿಗೂ ಸಾಮಾಜಿಕ ಜಾಲತಾಣಗಳಲ್ಲಿ ಆಗಾಗ ಹರಿದಾಡುತ್ತದೆ. ಸೀರೆಯುಟ್ಟು ಕುಳಿತಿರುವವರೇ ಆನಂದಿಬಾಯಿ.

ಇತ್ತ ಗೋಪಾಲರಾವ್ ಅವರ ಪತ್ರಗಳಲ್ಲಿ ಪ್ರೋತ್ಸಾಹದ ಜೊತೆ ಸಂಶಯ, ಸಿಟ್ಟು, ಟೀಕೆ ಎಲ್ಲವೂ ಬರುತ್ತಿತ್ತು. ತಾನು ಕಲಿಸಿದ ಹುಡುಗಿ ತನ್ನನ್ನು ಮೀರಿ ಬೆಳೆಯುತ್ತಿದ್ದಾಳೆ ಎಂಬುದು ಅವರಿಗೆ ಹೆಮ್ಮೆಯೂ ಆಗಿತ್ತು, ನುಂಗಲಾರದ ತುತ್ತೂ ಆಗಿತ್ತು.

ಕೊನೆಗೆ ಅವರು ನೌಕರಿ ಬಿಟ್ಟು ತಾವೂ ಅಮೆರಿಕಕ್ಕೆ ಹೊರಟುಬಂದರು. ಅಲ್ಲಿ ಅವರಿಗೆ ಕಾಯುತ್ತಿದ್ದ ಹುದ್ದೆ ಯಾವುದೂ ಇರಲಿಲ್ಲ. ಅಲ್ಲಲ್ಲಿ ಭಾಷಣ ಮಾಡಿದರು. ಅಮೆರಿಕದ ಸಮಾಜವನ್ನೂ ಮಿಷನರಿಗಳನ್ನೂ ಕಟುವಾಗಿ ಟೀಕಿಸಿದರು. ಆನಂದಿಬಾಯಿಗೆ ಅನ್ನ, ಆಶ್ರಯ ಕೊಟ್ಟ ಸ್ನೇಹಿತರಿಗೂ ಇದು ಇರಿಸುಮುರಿಸಾಯಿತು. ಹೆಂಡತಿ ಹೆಸರು ಮಾಡಿದ ಊರಿನಲ್ಲಿ ಗಂಡ ಮಾಡಲು ಕೆಲಸವಿಲ್ಲದ ಅತಿಥಿಯಾಗಿ ಉಳಿದರು.

ಹೆಸರಿನ ಮುಂದೆ ಡಾಕ್ಟರ್

1886ರ ಮಾರ್ಚ್ 11ರಂದು ಆನಂದಿಬಾಯಿ ಎಂ.ಡಿ. ಪದವಿ ಪಡೆದರು. ಹಿಂದೂ ಸಮಾಜದ ಪ್ರಸೂತಿ ಪದ್ಧತಿ ಅವರ ಪ್ರಬಂಧದ ವಿಷಯ. ಪಂಡಿತಾ ರಮಾಬಾಯಿ ಆ ಸಮಾರಂಭಕ್ಕೆಂದೇ ಬಂದಿದ್ದರು. ವಿಕ್ಟೋರಿಯಾ ರಾಣಿ ಕಡೆಯಿಂದ ಅಭಿನಂದನೆ ಬಂತು. ಅದೇ ವರ್ಷ ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿ ಅವರೂ ವೈದ್ಯಕೀಯ ಓದು ಮುಗಿಸಿದ್ದರು. ಹೀಗಾಗಿ ಭಾರತದ ಮಹಿಳಾ ವೈದ್ಯರ ಇತಿಹಾಸ ಈ ಇಬ್ಬರ ಹೆಸರಿನಿಂದ ಆರಂಭವಾಗುತ್ತದೆ.

ಆಗ ಕೊಲ್ಹಾಪುರ ಸಂಸ್ಥಾನದಿಂದ ಆಹ್ವಾನ ಬಂತು. ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ಹೊಣೆ ಆನಂದಿಬಾಯಿಗೆ. ಇಂದು ಸಿಪಿಆರ್ ಆಸ್ಪತ್ರೆ ಎಂದು ಹೆಸರಾಗಿರುವುದು ಅದೇ. ನಿಪ್ಪಾಣಿಯಿಂದ ಒಂದು ಗಂಟೆಯ ದಾರಿ.

ಒಮ್ಮೆ ಗೋಪಾಲರಾವ್ ಗುಮಾಸ್ತರಾಗಿ ದುಡಿದಿದ್ದ ಊರು ಕೊಲ್ಹಾಪುರ. ಆಗ ಹೆಂಡತಿ ಅವರ ಹಿಂದೆ ಬಂದಿದ್ದರು. ಈಗ ಅದೇ ಊರಿಗೆ ಹೆಂಡತಿಯ ನೇಮಕ, ಗಂಡ ಅವರ ಹಿಂದೆ. ಅಧಿಕಾರಿಯ ಹೆಂಡತಿ ಎಂಬ ಮಾತು ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ ವೈದ್ಯೆಯ ಗಂಡ ಎಂಬುದಕ್ಕೆ ಅರ್ಥವೇ ಇರಲಿಲ್ಲ.

ಆ ಬದುಕು ಹೇಗಿರುತ್ತಿತ್ತೋ ನೋಡುವ ಭಾಗ್ಯ ಯಾರಿಗೂ ಸಿಗಲಿಲ್ಲ. 1886ರ ಕೊನೆಯಲ್ಲಿ ದಂಪತಿ ಮುಂಬೈಗೆ ಬಂದಿಳಿದರು. ಸ್ವಾಗತ ಅದ್ಧೂರಿಯಾಗಿತ್ತು. ಆದರೆ ಕ್ಷಯ ಆನಂದಿಬಾಯಿಯನ್ನು ಹಿಂಡಿ ಹಾಕಿತ್ತು. ಕೊಲ್ಹಾಪುರದ ಹುದ್ದೆಗೆ ಹೋಗಲು ಆಗಲೇ ಇಲ್ಲ. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. 22 ತುಂಬಲು ಇನ್ನೂ ಒಂದು ತಿಂಗಳಿತ್ತು. ಒಬ್ಬ ರೋಗಿಗೂ ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಮೊದಲೇ ದೇಶದ ಮೊದಲ ವೈದ್ಯೆಯರಲ್ಲಿ ಒಬ್ಬರು ರೋಗಿಯಾಗಿ ಹೊರಟುಹೋದರು.

ಚಿತಾಭಸ್ಮವನ್ನು ಗೋಪಾಲರಾವ್ ಕಾರ್ಪೆಂಟರ್ ಅವರಿಗೆ ಕಳಿಸಿಕೊಟ್ಟರು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಕಾರ್ಪೆಂಟರ್ ಕುಟುಂಬದ ಸಮಾಧಿಗಳ ನಡುವೆ ಅದಕ್ಕೆ ಜಾಗ ಸಿಕ್ಕಿತು.

ಆಮೇಲೆ ಬಂದ ನಿಯಮಗಳು

ಆನಂದಿಬಾಯಿ ಪ್ರಾಧ್ಯಾಪಕಿಯಾಗಿರಲಿಲ್ಲ. ಆದರೆ ಅವರ ಮನೆಯಲ್ಲಿ ಎದ್ದ ಪ್ರಶ್ನೆ ಮುಂದಿನ ಶತಮಾನದಲ್ಲಿ ವಿಶ್ವವಿದ್ಯಾಲಯಗಳ ಬಾಗಿಲಿಗೇ ಬಂತು.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಂದೇ ಕುಟುಂಬದ ಇಬ್ಬರಿಗೆ ಕೆಲಸ ಕೊಡಬಾರದು ಎಂಬ ನಿಯಮ ಮಾಡಿಕೊಂಡವು. ಬಂಧುಗಳನ್ನು ತುಂಬಿಕೊಳ್ಳುವುದನ್ನು ತಡೆಯುವುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಏಟು ಬಿದ್ದದ್ದು ಮಾತ್ರ ಹೆಂಡತಿಯರಿಗೆ. ಗಂಡನಿಗೆ ಮೊದಲು ಕೆಲಸ ಸಿಗುತ್ತಿತ್ತು, ಹೆಂಡತಿ ಎಷ್ಟೇ ಓದಿದ್ದರೂ ಬಾಗಿಲು ಮುಚ್ಚಿರುತ್ತಿತ್ತು.

ಇದಕ್ಕೆ ದೊಡ್ಡ ಉದಾಹರಣೆ ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್. ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು 1930ರಲ್ಲಿ ಅಮೆರಿಕಕ್ಕೆ ಬಂದ ಅವರ ಪತಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಧ್ಯಾಪಕರು. ಮರಿಯಾ ಅವರಿಗೆ ಅಲ್ಲಿ ಸರಿಯಾದ ಹುದ್ದೆಯೇ ಸಿಗಲಿಲ್ಲ. ಮುಂದೆ ಶಿಕಾಗೊದಲ್ಲಿ ಸಂಬಳವಿಲ್ಲದ ಪ್ರಾಧ್ಯಾಪಕಿ. ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 3 ವರ್ಷಗಳ ನಂತರ ನೊಬೆಲ್ ಬಂತು. ಆ ನೊಬೆಲ್ ತಂದುಕೊಟ್ಟ ಪರಮಾಣು ಬೀಜದ ಸಂಶೋಧನೆಯನ್ನು ಅವರು ಮಾಡಿದ್ದು ಶಿಕಾಗೊದ ದಿನಗಳಲ್ಲಿ.

1971ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘ ಇಂಥ ನಿಯಮಗಳನ್ನು ಕೈಬಿಡಬೇಕೆಂದು ಹೇಳಿತು. ಕ್ರಮೇಣ ಗಾಳಿ ತಿರುಗಿತು. ಇಂದು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಬ್ಬರನ್ನು ಸೆಳೆಯಲು ಅವರ ಸಂಗಾತಿಗೂ ಹುದ್ದೆ ಹುಡುಕಿಕೊಡುತ್ತವೆ. ಅದರ ಜೊತೆಗೆ ಹೊಸ ಅಸಮಾಧಾನವೂ ಹುಟ್ಟಿದೆ. ಜಾಹೀರಾತು ನೋಡಿ ಅರ್ಜಿ ಹಾಕಿ ಕಾಯುತ್ತಿರುವವರ ಗತಿ ಏನು? ಮದುವೆಯಾಗದವರಿಗೆ ಈ ಸೌಲಭ್ಯ ಇಲ್ಲವಲ್ಲ? ಒಂದೇ ವಿಭಾಗದಲ್ಲಿ ಗಂಡ ಹೆಂಡತಿ ಇದ್ದರೆ ಬಡ್ತಿ, ಅನುದಾನದ ತೀರ್ಮಾನದಲ್ಲಿ ಪಕ್ಷಪಾತ ಬರುವುದಿಲ್ಲವೇ? ಈ ಪ್ರಶ್ನೆಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಬೆಂಗಳೂರಿನಲ್ಲಿ ಆಗಿತ್ತು

ದಂಪತಿ ಒಂದೇ ವಿಭಾಗದಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಾಗಿದ್ದ ಕಮಲಮ್ಮ ದಾಸಪ್ಪ ಅವರ ಮೊಮ್ಮಗಳು ರಾಜೇಶ್ವರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಸೇರಿದರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕ ಸಿಸಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು.

ನಿಮ್ಮಲ್ಲಿ ಒಬ್ಬರು ಮನೆಗೆ ಹೋಗಿ ಎಂದು ಸಂಸ್ಥೆ ಹೇಳಲಿಲ್ಲ. ದಂಪತಿ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಭಾರತದಲ್ಲಿ ಆ ಕ್ಷೇತ್ರದ ಆರಂಭದ ಕೆಲಸಗಳಲ್ಲಿ ಅದೂ ಒಂದು. ರಾಜೇಶ್ವರಿ ಚಟರ್ಜಿ ಮುಂದೆ ಅದೇ ವಿಭಾಗದ ಮುಖ್ಯಸ್ಥೆಯೂ ಆದರು. ಇಲ್ಲಿ ಒಂದು ಸೂಕ್ಷ್ಮವಿದೆ. ಅವರು ಯಾರದೋ ಹೆಂಡತಿ ಎಂದು ನೇಮಕಗೊಂಡವರಲ್ಲ, ಸ್ವಂತ ಅರ್ಹತೆಯಿಂದ ಬಂದವರು. ಹಾಗೆಯೇ ಹೆಂಡತಿ ಎಂಬ ಕಾರಣಕ್ಕೆ ಅವರನ್ನು ಹೊರಗಿಡಲೂ ಇಲ್ಲ.

ನಮ್ಮಲ್ಲಿ ಈಗ ಏನಿದೆ?

ಪತಿ–ಪತ್ನಿ ಪ್ರಕರಣ ಎಂಬ ಮಾತು ಕರ್ನಾಟಕದ ಶಿಕ್ಷಕರ ವರ್ಗಾವಣೆಯ ಸುದ್ದಿ ಓದುವವರಿಗೆಲ್ಲ ಗೊತ್ತು. ಕೇಂದ್ರ ಸರ್ಕಾರವೂ ನೌಕರಿಯಲ್ಲಿರುವ ಪತಿ ಪತ್ನಿಯನ್ನು ಸಾಧ್ಯವಾದಷ್ಟೂ ಒಂದೇ ಊರಿನಲ್ಲಿ ಇರಿಸಬೇಕೆಂದು 1986ರಲ್ಲೇ ಸೂಚನೆ ಹೊರಡಿಸಿತ್ತು. 2009ರಲ್ಲಿ ಅದನ್ನು ಇನ್ನಷ್ಟು ಬಲಪಡಿಸಿತು. ಆದರೆ ಇದು ವರ್ಗಾವಣೆಗೆ ಸಂಬಂಧಿಸಿದ ಮಾತು. ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಾಮಾನ್ಯವಾಗಿ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗಾವಣೆಯೇ ಇಲ್ಲ.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹುದ್ದೆ ತುಂಬಲು ಜಾಹೀರಾತು, ಮೀಸಲಾತಿ ರೋಸ್ಟರ್, ಆಯ್ಕೆ ಸಮಿತಿ ಎಲ್ಲವೂ ಬೇಕು. ಒಬ್ಬರ ಸಂಗಾತಿ ಎಂಬ ಕಾರಣಕ್ಕೆ ಹುದ್ದೆ ಸೃಷ್ಟಿಸಲು ಬರುವುದಿಲ್ಲ, ಬರಲೂಬಾರದು. ಆ ರೋಸ್ಟರ್‌ನಲ್ಲಿ ತಲೆಮಾರುಗಳಿಂದ ಬಾಗಿಲ ಹೊರಗೇ ನಿಂತಿದ್ದವರ ಪಾಲಿದೆ.

ಹಾಗಾದರೆ ಬೇರೆ ದಾರಿ ಇಲ್ಲವೇ? 2020ರ ಕೊನೆಯಲ್ಲಿ ಕೇಂದ್ರ ಸರ್ಕಾರ ಹೊರತಂದ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು ಈ ವಿಷಯವನ್ನು ಎತ್ತಿಕೊಂಡಿತ್ತು. ಗಂಡ ಹೆಂಡತಿ ಎಂಬ ಕಾರಣಕ್ಕೆ ಒಂದೇ ವಿಭಾಗ ಅಥವಾ ಪ್ರಯೋಗಾಲಯದಲ್ಲಿ ಕೆಲಸ ನಿರಾಕರಿಸಬಾರದು ಎಂಬ ಆಶಯ ಅದರಲ್ಲಿತ್ತು. ಎಂದರೆ ಸಂಗಾತಿಗೆ ಕೆಲಸ ಕೊಡಲೇಬೇಕು ಎಂದಲ್ಲ, ಸಂಗಾತಿ ಎಂಬ ಕಾರಣಕ್ಕೆ ತಡೆಯಬೇಡಿ ಎಂದು. ಈ ಎರಡರ ನಡುವಿನ ವ್ಯತ್ಯಾಸವೇ ಇಡೀ ಚರ್ಚೆಯ ಜೀವಾಳ.

ಲೆಕ್ಕಕ್ಕೆ ಬಾರದ ಬೆಲೆ

ಜೋಶಿ ದಂಪತಿಗೆ ಅಮೆರಿಕದಿಂದ ಬಂದ ಉತ್ತರವನ್ನು ಮತ್ತೊಮ್ಮೆ ನೆನೆಯಬೇಕು. ಗಂಡನಿಗೆ ಕೆಲಸ ಬೇಕಿದ್ದರೆ ಅದಕ್ಕೆ ಧರ್ಮದ ಷರತ್ತು. ಷರತ್ತು ಒಪ್ಪದ ಮೇಲೆ ಹೆಂಡತಿ ಒಬ್ಬಳೇ ಹೋಗಬೇಕಾಯಿತು. ಗಂಡ ಜೊತೆಗಿದ್ದಿದ್ದರೆ ಆನಂದಿಬಾಯಿ ಬದುಕುತ್ತಿದ್ದರು ಎನ್ನಲಾಗದು. ಕ್ಷಯಕ್ಕೆ ಆಗ ಮದ್ದೇ ಇರಲಿಲ್ಲ. ಆ ಗಂಡನ ಕೈಯಿಂದ ದೂರವಿದ್ದ ವರ್ಷಗಳಲ್ಲೇ ಅವರು ನಿರಾಳವಾಗಿ ಓದಿದರು ಎಂದು ವಾದಿಸುವವರೂ ಇರಬಹುದು. ಅದನ್ನೂ ಅಲ್ಲಗಳೆಯಲಾಗದು.

ಆದರೆ ಒಂದು ಮಾತು ಸ್ಪಷ್ಟ. ಸಂಸ್ಥೆಗಳು ಒಬ್ಬರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ ಉಳಿದ ಲೆಕ್ಕವನ್ನು ಮನೆಯೇ ತೀರಿಸಬೇಕಾಗುತ್ತದೆ. ಆನಂದಿಬಾಯಿ ಅದನ್ನು ಒಂಟಿ ಪ್ರಯಾಣದಲ್ಲಿ ತೀರಿಸಿದರು. ಗೋಪಾಲರಾವ್ ಬಿಟ್ಟುಬಂದ ನೌಕರಿಯಲ್ಲಿ ತೀರಿಸಿದರು. ಮರಿಯಾ ಮೇಯರ್ ಸಂಬಳವಿಲ್ಲದ ವರ್ಷಗಳಲ್ಲಿ ತೀರಿಸಿದರು. ಇಂದು ಪಿಎಚ್‌ಡಿ ಮುಗಿಸಿ ಗಂಡನ ಊರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ವರ್ಷ ದೂಡುತ್ತಿರುವ ಎಷ್ಟೋ ಹೆಣ್ಣುಮಕ್ಕಳು ಈಗಲೂ ತೀರಿಸುತ್ತಿದ್ದಾರೆ.

ಆನಂದಿಬಾಯಿ ಹೆಸರು ಇಂದು ಎಲ್ಲೆಲ್ಲೂ ಇದೆ. ಅವರು ತೀರಿಕೊಂಡ ಮರುವರ್ಷವೇ ಅಮೆರಿಕದ ಲೇಖಕಿ ಕ್ಯಾರೊಲಿನ್ ಡಾಲ್ ಅವರ ಜೀವನಚರಿತ್ರೆ ಪ್ರಕಟಿಸಿದರು. ಶುಕ್ರ ಗ್ರಹದ ಒಂದು ಕುಳಿಗೆ ಜೋಶಿ ಎಂಬ ಹೆಸರಿದೆ. 2018ರ ಮಾರ್ಚ್ 31ರಂದು ಗೂಗಲ್ ಡೂಡಲ್ ಮೂಲಕ ಗೌರವ ಸಲ್ಲಿಸಿತು. 2019ರಲ್ಲಿ ಅವರ ಬದುಕು ಮರಾಠಿ ಸಿನಿಮಾ ಆಗಿ ಠಾಣೆ, ಕಲ್ಯಾಣದ ಕಡೆಯ ಕನ್ನಡಿಗರೂ ಚಿತ್ರಮಂದಿರಕ್ಕೆ ಹೋಗಿ ನೋಡುವಂತಾಯಿತು.

ಗೋಪಾಲರಾವ್ ಕೆಲಸ ಕೇಳಿ ಬರೆದ ಪತ್ರಕ್ಕೆ ಮಾತ್ರ ಯಾವ ಸ್ಮಾರಕವೂ ಇಲ್ಲ. ಮುಂದಿನ ಬಾರಿ ಯಾವುದಾದರೂ ಆಯ್ಕೆ ಸಮಿತಿಯ ಮುಂದೆ ಕುಳಿತ ಅಭ್ಯರ್ಥಿ ತನ್ನ ಸಂಗಾತಿಯ ವಿಷಯ ಎತ್ತಿದಾಗ, ಕೇಳಿಸಿಕೊಳ್ಳುವವರು ಆ ಪತ್ರವನ್ನು ಒಮ್ಮೆ ನೆನೆದರೆ ಸಾಕು.